ಸರ್ಕಾರಿ ಜಾಗ ಖಾಲಿ ಯಾಕಿದೆ ಅಂತ ಮೊದಲು ಕೇಳಿ

ರಾಯಚೂರು ಜಿಲ್ಲೆಯ ಊರುಗಳಲ್ಲಿ ಈ ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ: "ಅಂಗನವಾಡಿಗೆ ಜಾಗ ಐತ್ರಿ ಸರ, ಹಳ್ಳದ ಬಾಜೂಕ ಗೈರಾಣ ಐತಿ." ಗೈರಾಣ ಅಂದರೆ ಊರ ದನ ಮೇಯಲು ಬಿಟ್ಟ ಸರ್ಕಾರಿ ಜಾಗ. ಪುಕ್ಕಟೆ, ತಕರಾರಿಲ್ಲ, ಒಂದೇ ಸಭೆಯಲ್ಲಿ ಠರಾವು ಪಾಸ್. ಗ್ರಾಮ ಯೋಜನೆ ಮಾಡುವ ನನಗೆ ತಲೆನೋವು ಶುರುವಾಗುವುದೇ ಅಲ್ಲಿ.

ಆ ಜಾಗ ಇಷ್ಟು ವರ್ಷ ಯಾಕೆ ಖಾಲಿ ಉಳಿಯಿತು? ಎತ್ತರದ ಗಟ್ಟಿ ನೆಲವನ್ನು ಹಿರಿಯರು ಮನೆಗೆ, ಗುಡಿಗೆ, ಕಣಕ್ಕೆ ಹಿಡಿದರು. ನೀರು ನಿಲ್ಲುವ ತಗ್ಗು ಯಾರಿಗೂ ಬೇಡವಾಯಿತು. ಈಗ ಊರು ಬೆಳೆಯುತ್ತಿದೆ ಅಂತ ಶಾಲೆಯ ಹೊಸ ಕೋಣೆ, ಆರೋಗ್ಯ ಉಪಕೇಂದ್ರ ಎಲ್ಲಾ ಅಲ್ಲಿಗೇ ಹೋಗುತ್ತಿವೆ. ನೆರೆ ಬಂದರೆ ಜನ ಓಡಿಹೋಗಬೇಕಾದ ಕಟ್ಟಡಗಳೇ ಮೊದಲು ಮುಳುಗುತ್ತವೆ.

"ನಮ್ಮದು ಬರದ ಸೀಮೆ, ನೆರೆ ಎಲ್ಲಿಂದ?" ಅನ್ನುತ್ತಾರೆ. ಹಳ್ಳ ವರ್ಷದ ಬಹುಪಾಲು ಒಣಗಿರುತ್ತದೆ, ಜಾಲಿ ಬೆಳೆದಿರುತ್ತದೆ. ಮೋಸ ಹೋಗುವುದೇ ಅಲ್ಲಿ. 2009ರ ಸೆಪ್ಟೆಂಬರ್ ಕೊನೆಯಲ್ಲಿ ಬಿಡದೆ ಹೊಡೆದ ಮಳೆಗೆ ಕೃಷ್ಣೆ, ತುಂಗಭದ್ರೆಯಷ್ಟೇ ಅಲ್ಲ, ಹಳ್ಳಗಳೂ ಊರೊಳಗೆ ನುಗ್ಗಿದವು. ಮಣ್ಣಿನ ಮಾಳಿಗೆ ಮನೆಗಳು ಕುಸಿದವು.

ಹಾಗಾಗಿ ನಾನು ಮೊದಲು ಕೇಳುವುದು ಗ್ರಾಮ ನಕಾಶೆ. ಅದರಲ್ಲಿ ಹಳ್ಳ ಎಷ್ಟು ಅಗಲ ಇದೆ, ಬಿ ಖರಾಬು, ಅಂದರೆ ಹಳ್ಳ, ದಾರಿಯಂಥ ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ, ಎಷ್ಟಿದೆ ನೋಡಿ. ಆಮೇಲೆ ಸ್ಥಳಕ್ಕೆ ಹೋಗಿ ಎಷ್ಟು ಉಳಿದಿದೆ ನೋಡಿ. ವ್ಯತ್ಯಾಸ ಅಲ್ಲೇ ಕಣ್ಣಿಗೆ ಹೊಡೆಯುತ್ತದೆ.

ಮುಂದಿನ ಕೆಲಸಕ್ಕೆ ಮೇಸ್ತ್ರಿಯ ಮಟ್ಟದ ಪೈಪು ಸಾಕು. ನೀರು ತುಂಬಿದ ಪಾರದರ್ಶಕ ಪೈಪು ಅದು, ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. 2009ರಲ್ಲಿ ನೀರು ಎಲ್ಲಿವರೆಗೆ ಬಂದಿತ್ತು ಅಂತ ಹಿರಿಯರು ಗುಡಿಯ ಮೆಟ್ಟಿಲನ್ನೋ ಕಟ್ಟೆಯನ್ನೋ ತೋರಿಸುತ್ತಾರೆ. ಆ ಗುರುತಿಗೆ ಪೈಪಿನ ಒಂದು ತುದಿ ಹಿಡಿಯಿರಿ, ಇನ್ನೊಂದು ತುದಿಯನ್ನು ಹೊಸ ಜಾಗದಲ್ಲಿ ನೆಟ್ಟ ಕೋಲಿಗೆ. ದೂರ ಜಾಸ್ತಿ ಇದ್ದರೆ ನಡುವೆ ಕೋಲು ನೆಟ್ಟು ಮಟ್ಟ ಒಯ್ಯಬೇಕು. ಕೋಲಿನ ಮೇಲೆ ನೀರಿನ ಗೆರೆ ಎದೆಮಟ್ಟಕ್ಕೆ ಬಂತು ಅಂದರೆ ಸಭೆಯಲ್ಲಿ ಮತ್ತೆ ವಾದ ಇರುವುದಿಲ್ಲ.

"ಗರಸು ಹಾಕಿ ಏರಿಸೋಣ", ಅಂದರೆ ಜಲ್ಲಿಮಣ್ಣು ತುಂಬಿ ನೆಲ ಎತ್ತರಿಸೋಣ, ಅನ್ನುವವರು ಇದ್ದೇ ಇರುತ್ತಾರೆ. ಹಳ್ಳದ ದಾರಿಯಲ್ಲಿ ಏರಿಸಿದರೆ ನೀರು ಪಕ್ಕದ ಓಣಿಗೆ ಹೋಗುತ್ತದೆ, ಅಷ್ಟೇ. ಎರಿ (ಕಪ್ಪು ಮಣ್ಣಿನ) ನೆಲವಾದರೆ ಮಳೆಗೆ ಉಬ್ಬಿ, ಬಿಸಿಲಿಗೆ ಬಿರಿದು ಪಾಯವನ್ನೇ ಅಲ್ಲಾಡಿಸುತ್ತದೆ.

ಇಡೀ ಊರನ್ನೇ ದೂರ ಸಾಗಿಸುವುದಕ್ಕೆ ನಾನು ಸುಲಭಕ್ಕೆ ಹೂಂ ಅನ್ನುವುದಿಲ್ಲ. 2009ರ ನಂತರ ನೆರೆ ಸಂತ್ರಸ್ತರಿಗೆ ಅಂತ ಆಸರೆ ಯೋಜನೆಯಲ್ಲಿ ಕಟ್ಟಿದ ಮನೆಗಳನ್ನು ಹಲವು ಕಡೆ ಜನ ಬಿಟ್ಟು ಬಂದರು. ಹೊಲ ದೂರ, ದನ ಕಟ್ಟಲು ಜಾಗ ಇಲ್ಲ. ಇನ್ನೇನು ಮಾಡುತ್ತಾರೆ, ಅಲ್ವಾ?

ನಾರಾಯಣಪುರ ಜಲಾಶಯದಿಂದ ನೀರು ಜಾಸ್ತಿ ಬಿಟ್ಟರೆ ಲಿಂಗಸುಗೂರು ತಾಲ್ಲೂಕಿನ ಶೀಲಹಳ್ಳಿ ಸೇತುವೆ ಮುಳುಗುತ್ತದೆ, ಆಚೆಯ ಊರುಗಳಿಗೆ ದಾರಿ ಕಡಿಯುತ್ತದೆ. ಅಂಥ ಕಡೆ ರೇಷನ್ ಎಲ್ಲಿ ಇಡಬೇಕು, ದಿನ ತುಂಬಿದ ಗರ್ಭಿಣಿಯರನ್ನು ಯಾವಾಗ ಕಳಿಸಬೇಕು ಅನ್ನುವುದೂ ಪಂಚಾಯಿತಿ ಯೋಜನೆಯಲ್ಲೇ ಬರಬೇಕು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟ್ ಕೊಚ್ಚಿಹೋದಾಗ ಕೆಳಗಿನ ಊರುಗಳಿಗೆ ಎಚ್ಚರಿಕೆ ಕೊಟ್ಟರು. ಎಚ್ಚರಿಕೆ ಬಂದಮೇಲೆ ಎಲ್ಲಿಗೆ ಹೋಗಬೇಕು ಅನ್ನುವುದನ್ನು ಆ ರಾತ್ರಿ ಕೂತು ತೀರ್ಮಾನಿಸಲು ಆಗುವುದಿಲ್ಲ.

ಎತ್ತರದ ಜಾಗಕ್ಕೆ ದುಡ್ಡೆಲ್ಲಿ? ನಿಜವಾದ ಪ್ರಶ್ನೆ. ಶಾಲೆಗೆ, ಅಂಗನವಾಡಿಗೆ ಜಾಗ ದಾನ ಕೊಡುವವರು ಈಗಲೂ ಇದ್ದಾರೆ. ಆದರೆ ಬಾಯಿಮಾತಿಗೆ ಕಟ್ಟಡ ಎಬ್ಬಿಸಬೇಡಿ. ದಾನಪತ್ರ ನೋಂದಣಿ ಆಗಲಿ, ಪಹಣಿಯಲ್ಲಿ ಹೆಸರು ಬದಲಾಗಲಿ. ಇಲ್ಲವಾದರೆ ಮುಂದೊಂದು ದಿನ ಮಕ್ಕಳು, ಮೊಮ್ಮಕ್ಕಳು ಬಂದು ಬೀಗ ಹಾಕುತ್ತಾರೆ. ಹಳ್ಳದ ಬಾಜೂಕಿನ ಗೈರಾಣ ದನ ಮೇಯಲಿ, ಹುಡುಗರು ಕ್ರಿಕೆಟ್ ಆಡಲಿ. ಗೋಡೆ ಮಾತ್ರ ಏಳದಿರಲಿ.