ಮೂರು ಇಂಚು ಹತ್ತು ಸೆಂಟು

ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ಮಳೆಮಾಪಕದ ನೀರನ್ನು ದಿನವೂ ಬೆಳಿಗ್ಗೆ ಅಳೆದು, ಇಂಚು ಸೆಂಟುಗಳ (ಇಂಚಿನ ನೂರರಲ್ಲೊಂದು ಪಾಲು ಒಂದು ಸೆಂಟು) ಲೆಕ್ಕದಲ್ಲಿ ಪುಸ್ತಕಕ್ಕೆ ಬರೆದಿಡುವ ರೂಢಿ ಹಳೆಯದು. ನಮ್ಮ ತೋಟದ ಮಳೆ ಪುಸ್ತಕವನ್ನು ಕಂಪ್ಯೂಟರಿಗೆ ಏರಿಸಲು ನಾನು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸಣ್ಣದೊಂದು ತಂತ್ರಾಂಶ ಬರೆದಿದ್ದೇನೆ. ಅದರ ಕೋಡಿನಲ್ಲಿ ಒಂದು ಸಾಲು ಬದಲಾದರೂ ಎಲ್ಲೋ ಇರುವ ಸರ್ವರೊಂದು ಪೈಥಾನನ್ನು ಹೊಸದಾಗಿ ಹಾಕಿಕೊಂಡು, ಪರೀಕ್ಷೆಗಳನ್ನೆಲ್ಲ ತಾನೇ ನಡೆಸಿ ಫಲಿತಾಂಶ ತಿಳಿಸುತ್ತದೆ. ಈ ಏರ್ಪಾಡಿಗೆ ಕಂಟಿನ್ಯುಯಸ್ ಇಂಟಿಗ್ರೇಷನ್, ಅಂದರೆ ಸಿಐ, ಎನ್ನುತ್ತಾರೆ. ಯಾವ ಆವೃತ್ತಿಯ ಪೈಥಾನ್ ಬೇಕೆಂಬುದನ್ನು ಮಾತ್ರ ನಾವೇ ಒಂದು ಕಡತದಲ್ಲಿ ಬರೆದಿಡಬೇಕು.

ಆ ಕಡತದಲ್ಲಿ 3.9 ಎಂದಿದ್ದುದನ್ನು ಒಮ್ಮೆ 3.10 ಎಂದು ತಿದ್ದಿದೆ. ಪೈಥಾನ್ 3.1 ಸಿಗುತ್ತಿಲ್ಲವೆಂದು ಸಿಐ ಕೆಂಪು ಗುರುತು ತೋರಿಸಿತು. ಇಂಥ ಕಡತಗಳನ್ನು ಬರೆಯುವ ಯಾಮಲ್ ಕ್ರಮದಲ್ಲಿ ಉದ್ಧರಣ ಚಿಹ್ನೆಯಿಲ್ಲದ 3.10 ಒಂದು ದಶಮಾಂಶ ಸಂಖ್ಯೆ; ಕೊನೆಯ ಸೊನ್ನೆಗೆ ಅಲ್ಲಿ ಬೆಲೆಯಿಲ್ಲ. ಮಳೆಯ ಲೆಕ್ಕಕ್ಕೆ ಇದು ಸರಿಯೇ, ಮೂರು ಇಂಚು ಹತ್ತು ಸೆಂಟು ಎಂದರೂ 3.1 ಇಂಚು ಎಂದರೂ ಬಿದ್ದ ನೀರು ಅಷ್ಟೇ. ಆದರೆ ಪೈಥಾನ್ 3.1 ಬಂದದ್ದು 2009ರಲ್ಲಿ, 3.10 ಬಂದದ್ದು 2021ರಲ್ಲಿ. ಚಿಹ್ನೆಗಳ ನಡುವೆ "3.10" ಎಂದು ಬರೆದ ಮೇಲೆ ಗುರುತು ಹಸಿರಾಯಿತು.

ಈ ತಪ್ಪು ಕೂಡಲೇ ಕಣ್ಣಿಗೆ ಬಿತ್ತು. ಆವೃತ್ತಿಯ ಆಯಸ್ಸು ಮುಗಿಯುವುದು ಹಾಗೆ ಕಾಣುವುದಿಲ್ಲ. ಪೈಥಾನಿನ ಹೊಸ ಆವೃತ್ತಿ ಈಗ ವರ್ಷಕ್ಕೊಮ್ಮೆ ಅಕ್ಟೋಬರಿನಲ್ಲಿ ಬರುತ್ತದೆ, ಸುಮಾರು 5 ವರ್ಷ ಭದ್ರತಾ ತಿದ್ದುಪಡಿಗಳನ್ನು ಪಡೆಯುತ್ತದೆ; 3.8ರ ಗಡುವು 2024ರ ಅಕ್ಟೋಬರಿಗೆ ತೀರಿತು. ಗಡುವು ಹೇಳಿದ್ದಕ್ಕಿಂತ ಬೇಗ ಬರುವುದೂ ಉಂಟು: ಜಾವಾಸ್ಕ್ರಿಪ್ಟ್ ಭಾಷೆಯ ಕೋಡನ್ನು ಓಡಿಸುವ ನೋಡ್ ತಂತ್ರಾಂಶದ 16ನೇ ಆವೃತ್ತಿ ನೆಚ್ಚಿಕೊಂಡಿದ್ದ, ಗೂಢಲಿಪೀಕರಣದ ಕೆಲಸ ಮಾಡುವ ಓಪನ್‌ಎಸ್‌ಎಸ್‌ಎಲ್ 1.1.1ರ ಬೆಂಬಲ 2023ರ ಸೆಪ್ಟೆಂಬರ್ 11ಕ್ಕೆ ನಿಲ್ಲಲಿದ್ದುದರಿಂದ, ನೋಡ್ 16ಕ್ಕೂ ಮೊದಲು ಹೇಳಿದ್ದಕ್ಕಿಂತ ಏಳು ತಿಂಗಳು ಮುಂಚೆಯೇ ಅದೇ ದಿನ ಮಂಗಳ ಹಾಡಲಾಯಿತು. ಅವಧಿ ಮೀರಿದ ಮರುದಿನವೂ ಪರೀಕ್ಷೆಗಳು ಎಂದಿನಂತೆ ಪಾಸಾಗುತ್ತವೆ, ಏಕೆಂದರೆ ಅವು ಪರೀಕ್ಷಿಸುವುದು ನಮ್ಮ ಕೋಡನ್ನು, ಅದರಡಿಯ ನೆಲವನ್ನಲ್ಲ.

ಹಾಗೆಂದು ಯಾವಾಗಲೂ ಇತ್ತೀಚಿನದೇ ಇರಲಿ ಎಂದು ಬರೆದುಬಿಡುವುದು ನನಗೆ ಒಪ್ಪಿಗೆಯಿಲ್ಲ. 2023ರಲ್ಲಿ ಬಂದ 3.12, ಡಿಸ್ಟ್‌ಯುಟಿಲ್ಸ್ ಎಂಬ ಹಳೆಯ ಘಟಕವನ್ನೇ ಕೈಬಿಟ್ಟಿತು. ಅದನ್ನು ನಂಬಿದ್ದವರ ಪರೀಕ್ಷೆಗಳು ಕೋಡ್ ಮುಟ್ಟದೆಯೇ ಮುರಿಯಬಹುದಿತ್ತು. ತೋಟದ ಕಂಪ್ಯೂಟರಿನಲ್ಲಿರುವ ಆವೃತ್ತಿಯನ್ನೂ ಅದಕ್ಕಿಂತ ಹೊಸದೊಂದನ್ನೂ ಜೊತೆಜೊತೆಗೆ ಓಡಿಸಿ, ಹೊಸದರ ಸೋಲು ಕೆಲಸ ತಡೆಯದಂತೆ ಬಿಟ್ಟಿದ್ದೇನೆ. "3.11" ಎಂಬ ಸಾಲಿನ ಪಕ್ಕದಲ್ಲೇ ಅದರ ಗಡುವನ್ನೂ ಟಿಪ್ಪಣಿಯಾಗಿ ಬರೆದಿದ್ದೇನೆ: 2027 ಅಕ್ಟೋಬರ್.