ಅಲ್ಮಾರಿಯಲ್ಲಿ ಉಳಿದ ಒಪ್ಪಿಗೆ ಪತ್ರ

ಮೇ ತಿಂಗಳ ಕಲಬುರಗಿಯಲ್ಲಿ ಹೆಣದ ಮೇಲೂ ಫ್ಯಾನ್ ತಿರುಗಲೇಬೇಕು. ನಮ್ಮ ಓಣಿಯ ನಿವೃತ್ತ ಮಾಸ್ತರರೊಬ್ಬರು ತೀರಿಕೊಂಡ ದಿನವೂ ಹಾಗೆಯೇ ಆಯಿತು. ಬೀಗರು, ನೆಂಟರು ಬಂದು ಸೇರುವವರೆಗೆ, ಬೆಳಿಗ್ಗೆಯಿಂದ ಇಳಿಹೊತ್ತಿನ ತನಕ, ಅದು ಪೂರ್ತಿ ವೇಗದಲ್ಲಿತ್ತು. ಮಣ್ಣು ಮಾಡಿ ಮೂರು ದಿನವಾದ ಮೇಲೆ ಪಿಂಚಣಿ ಕಾಗದ ಹುಡುಕುತ್ತಿದ್ದ ಮಗನಿಗೆ ಅಲ್ಮಾರಿಯಲ್ಲಿ ಅಂಗಾಂಗ ದಾನದ ಒಪ್ಪಿಗೆ ಪತ್ರ ಸಿಕ್ಕಿತು.

ಕಾರ್ನಿಯಾ ಎಂದರೆ ಕಣ್ಣಿನ ಕರಿಗುಡ್ಡೆಯ ಮೇಲಿನ ತಿಳಿಪೊರೆ. ಸಾವಾದ ಆರು ಗಂಟೆಯೊಳಗೆ ಅದನ್ನು ತೆಗೆಯಬೇಕು. ಅಲ್ಲಿಯವರೆಗೆ ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ತಲೆಯ ಕೆಳಗೆ ದಿಂಬು ಕೊಟ್ಟು, ಮೊದಲು ಫ್ಯಾನ್ ಆರಿಸಬೇಕು. ಗಾಳಿಗೆ ಪೊರೆ ಒಣಗುತ್ತದೆ. ಕನ್ನಡಕವಿದ್ದವರು, ಸಕ್ಕರೆ ಕಾಯಿಲೆಯವರು, ಮೋತಿಬಿಂದುವಿನ ಶಸ್ತ್ರಚಿಕಿತ್ಸೆ ಆದವರು ಕೂಡ ಕೊಡಬಹುದು. ಮಾಸ್ತರರಿಗೆ ಇವೆಲ್ಲವೂ ತಿಳಿದಿತ್ತು. ಮನೆಯವರಿಗೆ ತಿಳಿದಿರಲಿಲ್ಲ.

ಕನ್ನಡಿಗರಿಗೆ ದಾನವೆಂದರೆ ಮೊದಲು ನೆನಪಾಗುವುದೇ ಕಣ್ಣು. 2006ರ ಏಪ್ರಿಲ್ 12ರಂದು ರಾಜ್‌ಕುಮಾರ್ ತೀರಿಕೊಂಡಾಗ ಅವರ ಕಣ್ಣುಗಳು ದಾನವಾದವು. 2021ರ ಅಕ್ಟೋಬರ್‌ನಲ್ಲಿ ಪುನೀತ್ ಹೋದಾಗ ವೈದ್ಯರು ಕಾರ್ನಿಯಾದ ಮುಂಪದರ ಮತ್ತು ಹಿಂಪದರಗಳನ್ನು ಬೇರ್ಪಡಿಸಿ, ಎರಡು ಕಣ್ಣುಗಳನ್ನು ನಾಲ್ವರಿಗೆ ಹಂಚಿದರು. ಕಣ್ಣಿನ ಮಾತು ಹೀಗೆ ಮನೆಮನೆಗೆ ತಲುಪಿತು. ಕಿಡ್ನಿ, ಲಿವರ್, ಹೃದಯದ ಮಾತು ಮಾತ್ರ ಅಷ್ಟು ಸಲೀಸಾಗಿ ಬರಲಿಲ್ಲ. ಅದಕ್ಕೆ ಕಾರಣ ಹುಡುಕುತ್ತ ಹೋದರೆ ದಾನದ ಕಥೆ ವ್ಯಾಪಾರದ ಕಥೆಯಾಗುತ್ತದೆ.

1980ರ ದಶಕದಲ್ಲಿ ಕಿಡ್ನಿ ಕಸಿ ನಮ್ಮ ದೇಶದಲ್ಲಿ ಬೇರೂರುತ್ತಿದ್ದಂತೆಯೇ ದಲ್ಲಾಳಿಗಳೂ ಬೇರೂರಿದರು. ಮದ್ರಾಸು, ಮುಂಬೈ, ಬೆಂಗಳೂರುಗಳಲ್ಲಿ ಸಾಲಕ್ಕೆ ಸಿಕ್ಕ ಬಡವರ ಕಿಡ್ನಿ ಮಾರಾಟವಾಯಿತು. ಮದ್ರಾಸಿನ ವಿಲ್ಲಿವಾಕ್ಕಂ ಬಡಾವಣೆಗೆ ಜನ ‘ಕಿಡ್ನಿವಾಕ್ಕಂ’ ಎಂದೇ ಹೆಸರಿಟ್ಟರು. ಈ ದಂಧೆಗೆ ಕಡಿವಾಣ ಹಾಕಲು ಬಂದದ್ದು 1994ರ ಮಾನವ ಅಂಗಾಂಗ ಕಸಿ ಕಾಯ್ದೆ. ಅದೇ ಕಾಯ್ದೆ ಇನ್ನೊಂದು ದೊಡ್ಡ ಕೆಲಸವನ್ನೂ ಮಾಡಿತು: ಉಸಿರಾಟ ನಡೆಸುವ ಮೆದುಳಿನ ಕಾಂಡ ಸತ್ತರೆ, ಹೃದಯ ಇನ್ನೂ ಬಡಿಯುತ್ತಿದ್ದರೂ, ಮನುಷ್ಯ ಸತ್ತಂತೆ ಎಂದು ಒಪ್ಪಿಕೊಂಡಿತು. ಜುಲೈನಲ್ಲಿ ಕಾಯ್ದೆಗೆ ಅಂಕಿತ ಬಿತ್ತು. ಆಗಸ್ಟ್ 3ರಂದು ದಿಲ್ಲಿಯ ಏಮ್ಸ್‌ನಲ್ಲಿ ಡಾ. ಪಿ. ವೇಣುಗೋಪಾಲ್ ಅವರ ತಂಡ ದೇಶದ ಮೊದಲ ಯಶಸ್ವಿ ಹೃದಯ ಕಸಿ ನಡೆಸಿತು. ಕರ್ನಾಟಕ ಈ ಕೇಂದ್ರ ಕಾಯ್ದೆಯನ್ನೇ ಒಪ್ಪಿಕೊಂಡಿತು. ಆಂಧ್ರ ಪ್ರದೇಶ 1995ರಲ್ಲಿ ತನ್ನದೇ ಕಾಯ್ದೆ ಮಾಡಿಕೊಂಡಿತು. ಹೀಗಾಗಿ ಬೀದರಿನಿಂದ ಹೈದರಾಬಾದಿಗೆ ಹೊರಟ ಆಂಬುಲೆನ್ಸ್ ಎರಡು ಮೂರು ಗಂಟೆಯಲ್ಲಿ ಬೇರೆ ಕಾನೂನಿನ ಸೀಮೆಗೆ ಹೋಗಿ ನಿಲ್ಲುತ್ತಿತ್ತು.

ಅನುಮಾನದಲ್ಲಿ ಹುಟ್ಟಿದ ಕಾನೂನು ಅನುಮಾನದಿಂದಲೇ ನಡೆಯಿತು. ಕಸಿಗೆ ನೋಂದಣಿಯಾದ ದೊಡ್ಡ ಆಸ್ಪತ್ರೆಗಳಲ್ಲಿ ಮಾತ್ರ ಅಂಗಾಂಗ ತೆಗೆಯಬೇಕಿತ್ತು. ಅವಿದ್ದದ್ದು ಕಲಬುರಗಿಯಿಂದ ಸುಮಾರು 600 ಕಿಲೋಮೀಟರ್ ದೂರದ ಬೆಂಗಳೂರಿನಂಥ ಊರುಗಳಲ್ಲಿ. ಹೃದಯ ಹೊರಗೆ ಬಾಳುವುದು ನಾಲ್ಕರಿಂದ ಆರು ಗಂಟೆ. ಕಲಬುರಗಿಯ ವಿಮಾನ ನಿಲ್ದಾಣ ಶುರುವಾದದ್ದೇ 2019ರ ನವೆಂಬರ್‌ನಲ್ಲಿ. ಲೆಕ್ಕ ಯಾರಾದರೂ ಹಾಕಬಹುದು. ‘ನಮ್ಮ ಭಾಗದ ಜನಕ್ಕೆ ಅರಿವಿಲ್ಲ’ ಎಂದು ವೇದಿಕೆಯಲ್ಲಿ ಮಾತಾಡುವವರು ಈ ದೂರವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ದಾಸೋಹದ ಸೀಮೆಯವರಿಗೆ ಕೊಡುವುದನ್ನು ಹೊಸದಾಗಿ ಕಲಿಸಬೇಕಿಲ್ಲ.

2011ರ ತಿದ್ದುಪಡಿ ಆ ಬಿಗಿಯನ್ನು ಸಡಿಲಿಸಿತು. ಕಾಯ್ದೆಯ ಹೆಸರಿಗೆ ‘ಅಂಗಾಂಶ’ವೂ ಸೇರಿ, ಚರ್ಮ, ಮೂಳೆ, ಹೃದಯದ ಕವಾಟಗಳೂ ಅದರ ವ್ಯಾಪ್ತಿಗೆ ಬಂದವು. ಕಸಿ ಮಾಡದ ಆಸ್ಪತ್ರೆಯೂ, ಐಸಿಯು ಮತ್ತು ಶಸ್ತ್ರಚಿಕಿತ್ಸಾ ಕೊಠಡಿ ಇದ್ದು ನೋಂದಾಯಿಸಿಕೊಂಡರೆ, ಅಂಗಾಂಗ ತೆಗೆಯಲು ಅವಕಾಶವಾಯಿತು. ಮೆದುಳಿನ ಸಾವನ್ನು ಖಚಿತಪಡಿಸಲು ನಾಲ್ವರು ವೈದ್ಯರು ಬೇಕು. ಪರೀಕ್ಷೆ ಎರಡು ಬಾರಿ, ನಡುವೆ ಕನಿಷ್ಠ ಆರು ಗಂಟೆ ಅಂತರ. ವೆಂಟಿಲೇಟರ್ ತುಸು ಹೊತ್ತು ತೆಗೆದು, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದರೂ ಎದೆ ತಾನಾಗಿ ಏಳುವುದೋ ಇಲ್ಲವೋ ಎಂದು ನೋಡುತ್ತಾರೆ. ಆ ನಾಲ್ವರಲ್ಲಿ ನರರೋಗ ತಜ್ಞರು ಸಿಗದಿದ್ದರೆ ಫಿಜಿಷಿಯನ್, ಸರ್ಜನ್ ಅಥವಾ ಅರಿವಳಿಕೆ ತಜ್ಞರೂ ಆಗಬಹುದು ಎಂದದ್ದೂ ಇದೇ ತಿದ್ದುಪಡಿ. ಯಾದಗಿರಿಯಂಥ ಜಿಲ್ಲೆಗೆ ಇಡೀ ಕಾನೂನಿನಲ್ಲಿ ಇದಕ್ಕಿಂತ ಮುಖ್ಯವಾದ ಸಾಲಿಲ್ಲ ಎಂದು ನನಗನ್ನಿಸುತ್ತದೆ.

ಐಸಿಯು ಬಾಗಿಲಲ್ಲಿ ನಿಂತವರಿಗೆ ಮಾತ್ರ ಇದು ಯಾವುದೂ ಕಾಣುವುದಿಲ್ಲ. ಮೈ ಬೆಚ್ಚಗಿದೆ, ಎದೆ ಏರಿಳಿಯುತ್ತಿದೆ, ಪರದೆಯ ಮೇಲೆ ನಾಡಿಯ ಗೆರೆ ಓಡುತ್ತಿದೆ. ‘ಹೋಗಿದ್ದಾರೆ’ ಎಂದರೆ ಯಾರು ನಂಬುತ್ತಾರೆ?

ರಾಜ್ಯದಲ್ಲಿ ಅಂಗಾಂಗ ಹಂಚಿಕೆ ನೋಡಿಕೊಳ್ಳುವುದು ಜೀವಸಾರ್ಥಕತೆ ಸಂಸ್ಥೆ. ಸರದಿ ಪಟ್ಟಿ ಅದರ ಬಳಿಯಿದೆ. 2023ರಿಂದ ರೋಗಿ ಯಾವ ರಾಜ್ಯದಲ್ಲಾದರೂ ಹೆಸರು ಬರೆಸಬಹುದು. 65 ದಾಟಿದವರಿಗಿದ್ದ ತಡೆಯೂ ಹೋಗಿದೆ. ದಾನಿಗಳು ಆಧಾರ್ ಮೂಲಕ ಮೊಬೈಲ್‌ನಲ್ಲೇ ಹೆಸರು ನೋಂದಾಯಿಸಬಹುದು. ಆದರೂ ಕಡೆಗೆ ಸಹಿ ಹಾಕಬೇಕಾದವರು ಮನೆಯವರು. ಹಳೆಯ ಕಾಯ್ದೆಗೂ ಇದು ಗೊತ್ತಿತ್ತು. ಬರಹದಲ್ಲಿ ಕೊಡುವ ಒಪ್ಪಿಗೆಗೆ ಕನಿಷ್ಠ ಇಬ್ಬರು ಸಾಕ್ಷಿಗಳಿರಬೇಕು, ಅವರಲ್ಲಿ ಒಬ್ಬರಾದರೂ ಹತ್ತಿರದ ಸಂಬಂಧಿಯಾಗಿರಬೇಕು ಎಂದು ಅದು 1994ರಲ್ಲೇ ಬರೆದಿತ್ತು.

ಮಾಸ್ತರರ ಪತ್ರದಲ್ಲೂ ಇಬ್ಬರು ಸಾಕ್ಷಿಗಳ ಸಹಿಯಿತ್ತು. ಮಗ ಎರಡೂ ಹೆಸರು ಓದಿದ. ಪತ್ರ ಬರೆಸಿದ ಶಿಬಿರದಲ್ಲಿ ಅಪ್ಪನ ಅಕ್ಕಪಕ್ಕದ ಕುರ್ಚಿಯಲ್ಲಿ ಕುಳಿತಿದ್ದವರು.