ಹಾರ್ನ್ ಸೆಕ್ಷನ್ ತೆಗೆದ ಮೇಲೂ ನಿಂತ ಟ್ಯೂನ್‌ಗಳು: ಕ್ಯಾಸಿಯೋಪಿಯಾದ ಮೊದಲ ಆಲ್ಬಂ

ಜಪಾನಿನ ಜಾಝ್ ಫ್ಯೂಷನ್ (ಜಾಝ್ ಜೊತೆ ರಾಕ್, ಫಂಕ್ ಬೆರೆಸಿದ ಸಂಗೀತ) ಅಂದಕೂಡಲೇ ಗಿಟಾರ್, ಬೇಸ್ ಕಲಿಯುವ ಹುಡುಗರು ನೇರವಾಗಿ ಹೋಗುವುದು ಕ್ಯಾಸಿಯೋಪಿಯಾ ತಂಡದ ‘ಮಿಂಟ್ ಜ್ಯಾಮ್ಸ್’ ಹತ್ತಿರಕ್ಕೆ. 1982ರ ಆ ಆಲ್ಬಂ ನಿಜಕ್ಕೂ ಅಷ್ಟು ಚೆನ್ನಾಗಿದೆ. ಆದರೆ ಅದರ ಏಳು ಟ್ಯೂನ್‌ಗಳಲ್ಲಿ ಮೂರು ತಂಡದ ಮೊದಲ ದಿನಗಳವು. ‘ಟೈಮ್ ಲಿಮಿಟ್’, ‘ಟಿಯರ್ಸ್ ಆಫ್ ದಿ ಸ್ಟಾರ್’, ‘ಮಿಡ್‌ನೈಟ್ ರಾಂದೆವೂ’ ಈ ಮೂರೂ 1979ರ ಮೇ ತಿಂಗಳಲ್ಲಿ ಬಂದ ಅವರ ಮೊದಲ ಆಲ್ಬಂನಲ್ಲಿದ್ದವು. ಆ ಆಲ್ಬಂಗೆ ತಂಡದ ಹೆಸರೇ ಹೆಸರು. ಅರೇಂಜ್‌ಮೆಂಟ್, ಅಂದರೆ ಯಾವ ವಾದ್ಯ ಎಲ್ಲಿ ಏನು ನುಡಿಸಬೇಕೆಂದು ಹೊಂದಿಸುವುದನ್ನು, ಕಲಿಸುವಾಗ ನಾನು ಎರಡನ್ನೂ ಒಂದರ ಹಿಂದೆ ಒಂದು ಕೇಳಿಸುತ್ತೇನೆ, ಯಾವಾಗಲೂ ಮೊದಲಿನದರಿಂದಲೇ ಶುರುಮಾಡುತ್ತೇನೆ. ಅದನ್ನು ಹಸಿ ಪ್ರಯತ್ನ ಎಂದು ಬದಿಗೆ ತಳ್ಳುವವರ ಮಾತನ್ನು ನಾನು ಒಪ್ಪುವುದಿಲ್ಲ.

ತಂಡ ಕಟ್ಟಿದ್ದು ಗಿಟಾರಿಸ್ಟ್ ಇಸ್ಸೇ ನೋರೋ ಮತ್ತು ಬೇಸ್ ವಾದಕ ತೆತ್ಸುಓ ಸಕುರಾಯಿ. ಯಮಹಾ ಕಂಪನಿ ಹವ್ಯಾಸಿ ತಂಡಗಳಿಗಾಗಿ ನಡೆಸುತ್ತಿದ್ದ ‘ಈಸ್ಟ್ ವೆಸ್ಟ್’ ಸ್ಪರ್ಧೆಯಲ್ಲಿ ಇವರು ಕಣ್ಣಿಗೆ ಬಿದ್ದರು. ಕೀಬೋರ್ಡ್‌ಗೆ ಮಿನೋರು ಮುಕೈಯಾ, ಡ್ರಮ್ಸ್‌ಗೆ ತಕಾಶಿ ಸಸಾಕಿ ಸೇರಿದರು. ರೆಕಾರ್ಡ್ ಹೊರತಂದದ್ದು ಆಲ್ಫಾ ರೆಕಾರ್ಡ್ಸ್. ಯೆಲ್ಲೋ ಮ್ಯಾಜಿಕ್ ಆರ್ಕೆಸ್ಟ್ರಾದ ಎಲೆಕ್ಟ್ರಾನಿಕ್ ಸಂಗೀತವನ್ನು ಹಿಂದಿನ ವರ್ಷವಷ್ಟೇ ಬಿಡುಗಡೆ ಮಾಡಿದ್ದ ಅದೇ ಕಂಪನಿ. ಜಪಾನಿನಲ್ಲಿ ಹಾಡುಗಾರರಿಲ್ಲದ ಸಂಗೀತಕ್ಕೂ ಆಗ ಒಳ್ಳೆಯ ಮಾರುಕಟ್ಟೆ ಇತ್ತು. ಸ್ಯಾಕ್ಸೊಫೋನ್ ವಾದಕ ಸದಾಓ ವತನಾಬೆ ಅಮೆರಿಕದ ಕಲಾವಿದರ ಜೊತೆ ಮಾಡಿದ ‘ಕ್ಯಾಲಿಫೋರ್ನಿಯಾ ಶವರ್’ 1978ರಲ್ಲಿ ದೊಡ್ಡ ಯಶಸ್ಸು ಕಂಡಿತ್ತು. ಮೊದಲ ಆಲ್ಬಂ ಬಂದಾಗ ನೋರೋ ಅವರಿಗೆ ಇಪ್ಪತ್ತೆರಡು ವರ್ಷ.

ಈ ಹೊಸಬರ ರೆಕಾರ್ಡಿನಲ್ಲಿ ಅತಿಥಿಗಳಾಗಿ ನುಡಿಸಿದವರ ಹೆಸರು ನೋಡಿ: ಟ್ರಂಪೆಟ್‌ನಲ್ಲಿ ರ್‍ಯಾಂಡಿ ಬ್ರೆಕರ್, ಟೆನರ್ ಸ್ಯಾಕ್ಸೊಫೋನ್‌ನಲ್ಲಿ ಮೈಕಲ್ ಬ್ರೆಕರ್, ಆಲ್ಟೊದಲ್ಲಿ ಡೇವಿಡ್ ಸ್ಯಾನ್‌ಬಾರ್ನ್. ನ್ಯೂಯಾರ್ಕಿನ ಸ್ಟುಡಿಯೊಗಳಲ್ಲಿ ಆ ಕಾಲಕ್ಕೆ ಅತಿ ಬೇಡಿಕೆಯಲ್ಲಿದ್ದ ಮೂವರು. ಯಾರೂ ಕೇಳಿರದ ತಂಡವೊಂದರ ರೆಕಾರ್ಡ್ ಮಾರಾಟವಾಗಲು ಆ ಹೆಸರುಗಳು ನೆರವಾಗಲಿ ಎಂಬ ಲೆಕ್ಕಾಚಾರ ಇದ್ದಿರಬಹುದು. ನನಗೆ ಮುಖ್ಯವೆನಿಸುವುದು ಬೇರೆ. ಇಂಥ ವಾದಕರು ಬಂದಾಗ ಆಲ್ಬಂ ಅವರದ್ದಾಗಿಬಿಡುವುದು ಸುಲಭ. ಮೈಕಲ್ ಬ್ರೆಕರ್ ಒಂದು ಸೋಲೋ ಎತ್ತಿಕೊಂಡರೆ ಉಳಿದವರು ಪಕ್ಕವಾದ್ಯದವರಂತೆ ಕೇಳಿಸುತ್ತಾರೆ. ಇಲ್ಲಿ ಹಾಗಾಗಿಲ್ಲ. ಟ್ಯೂನ್‌ನ ಬೆನ್ನೆಲುಬು ಗಿಟಾರ್, ಕೀಬೋರ್ಡ್, ಬೇಸ್‌ಗಳ ಕೈಯಲ್ಲೇ ಉಳಿದಿದೆ. ಹಾರ್ನ್‌ಗಳು, ಅಂದರೆ ಈ ಟ್ರಂಪೆಟ್, ಸ್ಯಾಕ್ಸೊಫೋನ್‌ಗಳು, ಬಣ್ಣ ಕೊಟ್ಟು, ಒತ್ತು ಕೊಟ್ಟು ಸರಿಯುತ್ತವೆ.

ಅದು ಹೇಗೆ ಸಾಧ್ಯವಾಯಿತು ಎನ್ನುವುದು ‘ಟೈಮ್ ಲಿಮಿಟ್’ನಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಆಲ್ಬಂ ಶುರುವಾಗುವುದೇ ಅದರಿಂದ. ವೇಗದ, ಚಿಕ್ಕ ಟ್ಯೂನ್. ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ಮೊದಲ ಸಲ ಬೇಸ್ ಒಂದನ್ನೇ ಹಿಂಬಾಲಿಸಿ, ಎರಡನೇ ಸಲ ಕಾಲಿನಿಂದ ಹೊಡೆಯುವ ಕಿಕ್ ಡ್ರಮ್ ಒಂದನ್ನೇ. ಒಂದು ಬೀಟನ್ನು ನಾಲ್ಕು ಭಾಗ ಮಾಡಿ, ಅದರಲ್ಲಿ ಯಾವ ಭಾಗದ ಮೇಲೆ ಇಬ್ಬರೂ ಕೂಡುತ್ತಾರೆ, ಯಾವುದನ್ನು ಖಾಲಿ ಬಿಡುತ್ತಾರೆ ಎಂದು ಗುರುತು ಹಾಕಿಕೊಳ್ಳಿ. ಕಲಿಯುವವರ ಕಿವಿಯೆಲ್ಲ ಸಕುರಾಯಿ ಅವರ ಸ್ಲ್ಯಾಪ್ ಮೇಲೆ, ಅಂದರೆ ಹೆಬ್ಬೆರಳಿನಿಂದ ತಂತಿ ಹೊಡೆದು ಬೆರಳಿನಿಂದ ಎಳೆದು ಬಿಡುವ ಆ ಸದ್ದಿನ ಮೇಲೆ ಇರುತ್ತದೆ. ಗ್ರೂವ್, ಅಂದರೆ ಮೈ ಕುಣಿಸುವ ಲಯದ ಹಿಡಿತ, ಹುಟ್ಟುವುದು ಅವರು ಸ್ವರವನ್ನು ಕತ್ತರಿಸಿ ನಿಲ್ಲಿಸುವ ಜಾಗದಲ್ಲಿ. ಸ್ವರ ಎಷ್ಟು ಹೊತ್ತು ನಿಲ್ಲಬೇಕು ಎನ್ನುವುದು, ಯಾವ ಸ್ವರ ಎನ್ನುವುದಕ್ಕಿಂತ ಹೆಚ್ಚಿನ ಪ್ರಶ್ನೆ. ಬೇಸ್ ನುಡಿಸುವವನಾಗಿ ಇದನ್ನು ನಾನು ಪದೇಪದೇ ಹೇಳುತ್ತಲೇ ಇರುತ್ತೇನೆ.

ಇಡೀ ತಂಡ ಒಂದೇ ಲಯದ ತುಣುಕನ್ನು ಒಟ್ಟಿಗೆ ಹೊಡೆದು ನಿಲ್ಲಿಸುವುದನ್ನು ಜಪಾನಿನ ವಾದಕರು ‘ಕಿಮೆ’ ಎನ್ನುತ್ತಾರೆ. ನಮ್ಮ ಕಛೇರಿಯಲ್ಲಿ ತನಿಯ ಕೊನೆಗೆ ಮೃದಂಗ, ಘಟ ಎರಡೂ ತೀರ್ಮಾನ ನುಡಿಸಿ ಒಂದೇ ಜಾಗದಲ್ಲಿ ಇಳಿಯುತ್ತವಲ್ಲ, ಕೇಳುವವರಿಗೆ ಅದೇ ಬಗೆಯ ಖುಷಿ. ನೋರೋ ಅವರ ಬರವಣಿಗೆಯಲ್ಲಿ ಕಿಮೆಗಳು ಅಲಂಕಾರಕ್ಕೆ ಬರುವುದಿಲ್ಲ. ಒಂದು ಭಾಗ ಮುಗಿದು ಇನ್ನೊಂದು ಶುರುವಾಗುವ ಕಡೆ ಅವು ಕೀಲಿನಂತೆ ಕೂತಿರುತ್ತವೆ. ‘ಬ್ಲ್ಯಾಕ್ ಜೋಕ್’ ಅನ್ನು ಕಾಗದದ ಮೇಲೆ ಬರೆದುಕೊಳ್ಳಲು ಕೂತವರಿಗೆ ಇದು ಬೇಗ ತಿಳಿಯುತ್ತದೆ. ಕಿಮೆಗಳನ್ನು ಮೊದಲು ಗುರುತಿಸಿಕೊಂಡರೆ ಉಳಿದದ್ದೆಲ್ಲ ತಾನಾಗಿ ಜಾಗಕ್ಕೆ ಬರುತ್ತದೆ. ಮೆಲೊಡಿಯಿಂದ ಶುರುಮಾಡಿದರೆ ಅರ್ಧದಲ್ಲಿ ಲೆಕ್ಕ ತಪ್ಪುತ್ತದೆ.

ಮುಂದೆ ನಡೆದದ್ದು ಈ ಬರವಣಿಗೆಗೆ ನಿಜವಾದ ಪರೀಕ್ಷೆ. 1980ರಲ್ಲಿ ಡ್ರಮ್ಮರ್ ಸಸಾಕಿ ಹೋಗಿ ಅಕಿರಾ ಜಿಂಬೋ ಬಂದರು. ಆಮೇಲೆ ತಂಡ ಲಾಸ್ ಏಂಜಲೀಸ್‌ಗೆ ಹೋಗಿ, ಸ್ವತಃ ದೊಡ್ಡ ಡ್ರಮ್ಮರ್ ಆದ ಹಾರ್ವಿ ಮೇಸನ್ ಅವರನ್ನು ನಿರ್ಮಾಪಕರಾಗಿಟ್ಟುಕೊಂಡು 1981ರಲ್ಲಿ ಬಂದ ‘ಐಸ್ ಆಫ್ ದಿ ಮೈಂಡ್’ ಮಾಡಿತು. ಅದರಲ್ಲಿ ‘ಬ್ಲ್ಯಾಕ್ ಜೋಕ್’ ಮತ್ತು ‘ಸ್ಪೇಸ್ ರೋಡ್’ ಎರಡನ್ನೂ ಹೊಸದಾಗಿ ನುಡಿಸಿದರು. ಮರುವರ್ಷ ಟೋಕಿಯೊದ ತ್ಸುಕಿಜಿಯ ಸಭಾಂಗಣದಲ್ಲಿ ರೆಕಾರ್ಡ್ ಆದ ‘ಮಿಂಟ್ ಜ್ಯಾಮ್ಸ್’ನಲ್ಲಿ ಇನ್ನು ಮೂರು. ಲೆಕ್ಕ ಹಾಕಿ: ಮೊದಲ ಆಲ್ಬಂನ ಎಂಟು ಟ್ಯೂನ್‌ಗಳಲ್ಲಿ ಐದು ಮೂರೇ ವರ್ಷದೊಳಗೆ ಈ ಎರಡು ಆಲ್ಬಂಗಳಲ್ಲೇ ಮತ್ತೆ ಬಂದವು. ‘ಮಿಂಟ್ ಜ್ಯಾಮ್ಸ್’ನಲ್ಲಿ ಬ್ರೆಕರ್‌ಗಳಿಲ್ಲ, ಸ್ಯಾನ್‌ಬಾರ್ನ್ ಇಲ್ಲ, ನಾಲ್ಕೇ ಜನ. ಹಾರ್ನ್ ಇದ್ದ ಜಾಗಗಳನ್ನು ಮುಕೈಯಾ ಕೀಬೋರ್ಡ್‌ನಲ್ಲಿ ಸಂಭಾಳಿಸುತ್ತಾರೆ, ಕೆಲವು ಕಡೆ ಏನನ್ನೂ ತುಂಬದೆ ಹಾಗೇ ಬಿಡುತ್ತಾರೆ. ಟ್ಯೂನ್ ಎಲ್ಲೂ ಬಡವಾಗುವುದಿಲ್ಲ. ‘ಟಿಯರ್ಸ್ ಆಫ್ ದಿ ಸ್ಟಾರ್’ ನಿಧಾನಗತಿಯದು, ಅಡಗಿಕೊಳ್ಳಲು ಜಾಗವೇ ಇಲ್ಲದಂಥದು. ಅಲ್ಲಿ ನೋರೋ ಅವರ ಗಿಟಾರ್ ಸೋಲೋ ತೆರೆದುಕೊಳ್ಳುವ ರೀತಿ ಕೇಳಿದರೆ, 1979ರಲ್ಲೇ ಮೆಲೊಡಿಯೊಳಗೆ ಅಷ್ಟು ಅವಕಾಶ ಇಟ್ಟಿದ್ದರು ಎಂದು ಖಾತ್ರಿಯಾಗುತ್ತದೆ.

ಜಿಂಬೋ ಬಂದ ಮೇಲೆ ಸಸಾಕಿ ಅವರ ಹೆಸರು ಯಾರ ಬಾಯಲ್ಲೂ ಉಳಿಯಲಿಲ್ಲ. ಇದು ನನಗೆ ಸರಿಯೆನಿಸುವುದಿಲ್ಲ. ಜಿಂಬೋ ಅವರ ನಿಖರತೆ ಬೆರಗು ಹುಟ್ಟಿಸುವಂಥದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೊದಲ ಆಲ್ಬಂನಲ್ಲಿ ಬೀಟ್ ಸ್ವಲ್ಪ ಹಿಂದೆ ಒರಗಿ ಕೂತಂತಿದೆ, ಟ್ಯೂನ್‌ಗೆ ಉಸಿರಾಡಲು ಜಾಗ ಸಿಗುತ್ತದೆ. ‘ಮಿಡ್‌ನೈಟ್ ರಾಂದೆವೂ’ನ ಎರಡೂ ರೂಪಗಳನ್ನು ಕೇಳಿ ನೋಡಿ. ಒಂದೇ ಟ್ಯೂನ್ ಒಬ್ಬರ ಕೈಯಲ್ಲಿ ಮೈಚೆಲ್ಲಿ ನಡೆಯುತ್ತದೆ, ಇನ್ನೊಬ್ಬರ ಕೈಯಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು. ಎರಡೂ ಬೇಕು.

ಅದೇ ಹೊತ್ತಿಗೆ ಜಪಾನಿನ ಇನ್ನೊಂದು ತಂಡ ಬೇರೆ ದಾರಿ ಹಿಡಿದಿತ್ತು. ಈಗ ಟಿ-ಸ್ಕ್ವೇರ್ ಎಂದು ಹೆಸರಾದ ದಿ ಸ್ಕ್ವೇರ್ 1978ರಲ್ಲಿ ತನ್ನ ಮೊದಲ ಆಲ್ಬಂ ತಂದಾಗ, ಸ್ಯಾಕ್ಸೊಫೋನ್ ನುಡಿಸುವ ತಕೇಶಿ ಇತೋ ತಂಡದವರೇ ಆಗಿದ್ದರು. ಆ ತಂಡದ ಸಂಗೀತದಲ್ಲಿ ಮೆಲೊಡಿ ಹಾಡುವುದು ಹೆಚ್ಚಾಗಿ ಇತೋ ಅವರ ವಾದ್ಯವೇ, ಅದನ್ನು ತೆಗೆದರೆ ತಂಡದ ದನಿಯೇ ಹೋಗುತ್ತದೆ. ಕ್ಯಾಸಿಯೋಪಿಯಾದಲ್ಲಿ ಆ ದನಿ ಗಿಟಾರ್‌ನದು. ಹಾಗಾಗಿಯೇ ಅಷ್ಟು ದೊಡ್ಡ ಅತಿಥಿಗಳು ಬಂದು ಹೋದರೂ ಹಿಂದೆ ಖಾಲಿ ಜಾಗ ಉಳಿಯಲಿಲ್ಲ.

ಸ್ಟುಡಿಯೊದಲ್ಲಿ ಕೆಲಸ ಮಾಡುವವರಿಗೆ ಇದರಿಂದ ನೇರ ಪ್ರಯೋಜನವಿದೆ. ಇವತ್ತು ಕಂಪ್ಯೂಟರಿನಲ್ಲಿ ಎಷ್ಟು ಟ್ರ್ಯಾಕ್ ಬೇಕಾದರೂ ಪೇರಿಸಬಹುದು. ಟ್ಯೂನ್ ಸಪ್ಪೆ ಅನ್ನಿಸಿದ ಕಡೆ ಒಂದು ಪ್ಯಾಡ್ (ಹಿನ್ನೆಲೆಯಲ್ಲಿ ಎಳೆದು ನಿಲ್ಲುವ ಕೀಬೋರ್ಡ್ ದನಿ), ಇನ್ನೊಂದು ಕಡೆ ಸ್ಟ್ರಿಂಗ್ಸ್ ಹಾಕಿ ಮುಚ್ಚುವುದು ನಮ್ಮೆಲ್ಲರಿಗೂ ಅಭ್ಯಾಸ. ನನ್ನ ಬಳಿ ಬರುವವರಿಗೆ ನಾನು ಹೇಳುವುದಿಷ್ಟು: ಮಿಕ್ಸ್‌ಗೆ ಕೂರುವ ಮೊದಲು ಡ್ರಮ್ಸ್, ಬೇಸ್, ಕಾರ್ಡ್ ನುಡಿಸುವ ಕೀಬೋರ್ಡ್‌ನಂಥ ಒಂದು ವಾದ್ಯ, ಒಂದು ಮೆಲೊಡಿ ಇಷ್ಟನ್ನು ಬಿಟ್ಟು ಎಲ್ಲ ಮ್ಯೂಟ್ ಮಾಡಿ ಕೇಳಿ, ಟ್ಯೂನ್ ಆಗಲೂ ನಿಲ್ಲುತ್ತದೆಯೇ ನೋಡಿ.

ಮೊದಲ ಆಲ್ಬಂನ ‘ಫಾರ್ ಅವೇ’, ‘ಸ್ವಾಲೋ’, ‘ಡ್ರೀಮ್ ಹಿಲ್’ ಈ ಮೂರು 1981ರ ಆಲ್ಬಂನಲ್ಲೂ ಇಲ್ಲ, ‘ಮಿಂಟ್ ಜ್ಯಾಮ್ಸ್’ನಲ್ಲೂ ಇಲ್ಲ. ಅವುಗಳಲ್ಲಿ ಒಂದನ್ನು ಆರಿಸಿಕೊಂಡು, ನಾಲ್ಕೇ ವಾದ್ಯಕ್ಕೆ ಇಳಿಸಿ ಬರೆದುಕೊಂಡು ಬನ್ನಿ ಎಂದು ವಿದ್ಯಾರ್ಥಿಗಳಿಗೆ ಕೊಡುತ್ತೇನೆ. ಹೆಚ್ಚಿನವರು ‘ಸ್ವಾಲೋ’ ಆರಿಸುತ್ತಾರೆ. ‘ಡ್ರೀಮ್ ಹಿಲ್’ ಆರಿಸಿ ಎನ್ನುವುದು ನನ್ನ ಸಲಹೆ.